ನಮ್ಮ ಮಾವ ಕಾದ ಬೋರಾನ್

ಆ ವರ್ಷ ನಮ್ಮ ಮಾವ ಟೊಮೇಟೊ ತೋಟಕ್ಕೆ ಹೊತ್ತಿಗೆ ಸರಿಯಾಗಿ ಬೋರಾನ್ ಹೊಡೆಯಲಿಲ್ಲ. ಅದಕ್ಕೆ ಕಾರಣ ನಾನಂತೆ. ನಮ್ಮತ್ತೆ ಇದನ್ನು ಈಗಲೂ ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಾರೆ. ನಾನು ಅನ್ನದ ಪಾತ್ರೆ ಹಿಡಿದು ಎದುರಿಗೇ ನಿಂತಿದ್ದರೂ ಬಿಡುವುದಿಲ್ಲ. ಅದರಲ್ಲಿ ನನ್ನ ತಪ್ಪು ಎಳ್ಳಷ್ಟೂ ಇಲ್ಲ ಎಂದು ನಾನು ಎಗರಾಡುವುದು, ‘‘ಇನ್ಯಾರ್ದಮ್ಮ, ಪಕ್ಕದ್ಮನೆಯೋರ್ದಾ?’’ ಎಂದು ಅವರು ಸೊಂಟಕ್ಕೆ ಕೈ ಇಡುವುದು ನಮ್ಮ ಮನೆಯಲ್ಲಿ ನಡೆದೇ ಇರುತ್ತದೆ. ಬರೆಯುವವಳು ನಾನಾದ್ದರಿಂದ ಈ ಸಲ ನನ್ನ ಮಾತೇ ಮೇಲಾಗಲಿ.

ತಮಿಳುನಾಡಿನ ಗಡಿಯೊಳಗೆ, ಹೊಸೂರಿನ ಕಡೆಯ ಉದ್ದನಪಲ್ಲಿಗೆ ಹತ್ತಿರದ ಊರು ನಮ್ಮದು. ಮಾವ ಎಂದರೆ ಗಂಡನ ಅಪ್ಪ. ಅದಕ್ಕೂ ಮೊದಲು ಅವರು ನನ್ನ ಅಮ್ಮನ ಅಣ್ಣ. ನಮ್ಮ ಕಡೆ ಇದು ಹೊಸದೇನಲ್ಲ, ಕೊಟ್ಟು ತಂದು ಮಾಡಿಕೊಂಡೇ ಬಂದವರು ನಾವು. ಮದುವೆಯಾದ ಹೊಸದರಲ್ಲಿ, ಸೊಸೆಯಾದವಳಿಗೆ ಗೌರವ ಗೊತ್ತಿರಬೇಕೆಂದು ನಾನು ಒಮ್ಮೆಲೇ ‘ನೀವು, ತಾವು’ ಶುರು ಮಾಡಿದೆ. ಒಂದು ದಿನ ಸಹಿಸಿಕೊಂಡ ಮಾವ ಮಾರನೆಯ ದಿನ ಕೇಳಿಯೇಬಿಟ್ಟರು: ‘‘ಯಾಕ್ ಮಗಾ, ನನ್ ಮ್ಯಾಲೇನಾರಾ ಕ್ವಾಪವಾ?’’ ಅಲ್ಲಿಗೆ ನನ್ನ ಬಹುವಚನ ಮುಗಿಯಿತು. ನನ್ನ ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಾನು ಲಂಗ ತೊಡುತ್ತಿದ್ದ ಕಾಲದಿಂದ ಅವರಿಗೆ ಗೊತ್ತಿದ್ದ ವಿಷಯ. ಆದ್ದರಿಂದ ಅವರ ಮುಂದೆ ಮೆದುವಾಗಿರಲು ಹೋದರೆ ಅವರಿಗೇ ಗಾಬರಿ.

ಆಗ ನಾನು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಆಗೊಮ್ಮೆ ಈಗೊಮ್ಮೆ ಹೋಗಿ ಗೈಡ್ ಮೇಡಂಗೆ ಮುಖ ತೋರಿಸಿ ಬರುವುದು, ಉಳಿದ ಕೆಲಸವೆಲ್ಲ ಮನೆಯಿಂದ. ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಕೋಣೆ ಖಾಲಿ ಬಿದ್ದಿತ್ತು. ತಂಪಾದ ಜಾಗ. ಅಲ್ಲೊಂದು ಮೇಜು ಹಾಕಿಕೊಂಡು, ಲ್ಯಾಪ್‌ಟಾಪಿನಿಂದ ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಲೆಕ್ಕ ಕಳಿಸಿ, ಅದು ಉತ್ತರ ಕೊಡುವವರೆಗೆ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದೆ. ನಾನು ಹಾಕುತ್ತಿದ್ದದ್ದು ಬೋರಾನ್ ಲೆಕ್ಕ. ಬೋರಾನಿನ ಪರಮಾಣುಗಳು ಯಾವ್ಯಾವ ಬಗೆಯಲ್ಲಿ ಜೋಡಿಕೊಂಡು ಹರಳಾಗಬಹುದು, ಆ ಹರಳಿನಲ್ಲಿ ಕರೆಂಟು ಹರಿಯುತ್ತದೋ ಇಲ್ಲವೋ ಎಂದು ಮೊದಲೇ ಕಂಡುಹಿಡಿಯುವ ಕೆಲಸ. ಇನ್ನೂ ಯಾರೂ ತಯಾರಿಸದ, ಯಾರೂ ನೋಡದ ಹರಳುಗಳು. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸುವುದೆಂದರೆ ಇದೇ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದ.

ಬೋರಾನ್ ಒಂದು ವಿಚಿತ್ರ ಪ್ರಾಣಿ. ಪಕ್ಕದವರಿಗೆ ಕೈ ಚಾಚಲು ಅದರ ಬಳಿ ಎಲೆಕ್ಟ್ರಾನುಗಳು ಸಾಲವು. ಹೆಚ್ಚಿನ ಪದಾರ್ಥಗಳಲ್ಲಿ ಎರಡು ಪರಮಾಣುಗಳ ನಡುವೆ ಒಂದು ಜೋಡಿ ಎಲೆಕ್ಟ್ರಾನ್ ಇದ್ದರೆ, ಇಲ್ಲಿ ಒಂದೇ ಜೋಡಿಯನ್ನು ಮೂವರು ಹಂಚಿಕೊಳ್ಳುತ್ತಾರೆ, ಮೂರು ಮನೆಗೆ ಒಂದೇ ಬಾವಿ ಇದ್ದ ಹಾಗೆ. ಇಲ್ಲದವರ ಮನೆಯಲ್ಲಿ ಹೊಂದಾಣಿಕೆ ಜಾಸ್ತಿ. ಹಾಗಾಗಿ ಬೋರಾನ್ ಕಟ್ಟಿಕೊಳ್ಳುವಷ್ಟು ಬಗೆಬಗೆಯ ಗೂಡುಗಳನ್ನು ಕಟ್ಟುವವರು ಕಡಿಮೆ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಅಕ್ಕರೆ.

ಇನ್ನು ನಮ್ಮೂರಿನವರಿಗೆ ಬೋರಾನ್ ಹೊಸ ಹೆಸರಲ್ಲ. ಟೊಮೇಟೊ ಹೂ ಉದುರಿದರೆ, ಕಾಯಿ ಬಿರಿದರೆ, ಗೊಬ್ಬರದಂಗಡಿಯವನು ಮೊದಲು ಕೈ ಹಾಕುವುದೇ ಆ ಬಿಳಿ ಪುಡಿಯ ಪೊಟ್ಟಣಕ್ಕೆ. ನೀರಿಗೆ ಕಲಸಿ, ಹೂ ಬರುವಾಗ ಒಮ್ಮೆ, ಪಿಂದೆ, ಅಂದರೆ ಹೀಚುಕಾಯಿ, ಕಟ್ಟಿದಾಗ ಒಮ್ಮೆ ಹೊಡೆದರೆ ಕಾಯಿ ಸೀಳದೆ ನುಣ್ಣಗೆ ಬರುತ್ತದೆ. ಆ ಪುಡಿಯಲ್ಲಿ ಬೋರಾನ್ ಆಮ್ಲಜನಕದ ಜೊತೆ ಸಂಸಾರ ಹೂಡಿರುತ್ತದೆ. ನನ್ನದು ಬರೀ ಬೋರಾನ್. ಅದೇ ಧಾತು, ಆದರೆ ಕೆಲಸ ಬೇರೆ, ಅವತಾರ ಬೇರೆ.

ನಾಟಿ ಮುಗಿದ ದಿನ ಮಾವ ಕೈಕಾಲು ತೊಳೆದುಕೊಂಡು ಹುಳುಮನೆಯ ಹೊಸ್ತಿಲ ಮೇಲೆ ಬಂದು ಕೂತರು.

‘‘ದಿನಾ ಆ ಪೆಟ್ಗೆ ಮುಂದೆ ಕುಂತಿರ್ತೀಯಲ್ಲ ಮಗಾ, ಏನ್ ಕೆಲ್ಸ ಅದು?’’

‘‘ಹೊಸ ತರದ್ ಬೋರಾನು ಮಾವ. ಹೆಂಗ್ ಜೋಡುಸ್ಬೋದು ಅಂತ ನೋಡ್ತಾ ಇವ್ನಿ.’’

‘‘ನಾವ್ ಹೊಡಿತೀವಲ್ಲ, ಆ ಬೋರಾನೇಯಾ?’’

‘‘ಅದೇಯ. ಆದ್ರೆ ಇದು ಬ್ಯಾರೆ ತರ. ಭಾಳ ಗಟ್ಟಿ. ಈಗ ಕಂಪ್ಯೂಟರಲ್ಲಿ ಮಾತ್ರ ಐತೆ.’’

‘‘ಯಾವಾಗ್ ಮುಗೀತದೆ?’’

‘‘ಟಮೋಟ ಹೂ ಬಿಡೋ ಹೊತ್ಗೆ ಮುಗುಸ್ಬುಡ್ತೀನಿ.’’

‘‘ಆಗ್ಲಿ, ಆಗ್ಲಿ. ಅವಸ್ರ ಏನಿಲ್ಲ,’’ ಎಂದು ತಲೆಯಾಡಿಸಿ ಎದ್ದು ಹೋದರು.

ಕಂಪ್ಯೂಟರಿನಲ್ಲಿ ಮಾತ್ರ ಇದೆ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೇನೆ. ಸಾಕ್ಷಿಗೆ ಅತ್ತೆಯೇ ಇದ್ದರು, ಈಗ ಮಾತ್ರ ನೆನಪಿಲ್ಲ ಅನ್ನುತ್ತಾರೆ. ಆದರೆ ಮಾವ ಅದನ್ನು ಕೇಳಿಸಿಕೊಂಡದ್ದು ತಮ್ಮ ಅನುಭವದ ಕಿವಿಯಿಂದ. ನನ್ನ ಗಂಡ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಮಷಿನ್ ನಡೆಸುತ್ತಾನೆ. ಅಲ್ಲಿಯವರು ಒಮ್ಮೆ ಕೆಲಸಗಾರರ ಮನೆಯವರನ್ನೆಲ್ಲ ಒಳಗೆ ಬಿಟ್ಟಾಗ ಮಾವನೂ ಹೋಗಿದ್ದರು. ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆಚಿತ್ರ. ಮಗ ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ಅದೇ ಚಿತ್ರ ಕಬ್ಬಿಣವಾಗಿ ಕೆಳಗಿನ ತಟ್ಟೆಗೆ ಬಂದು ಬಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಆ ಬೆಚ್ಚನೆಯ ಕಬ್ಬಿಣ ಮುಟ್ಟಿ ಬಂದವರಿಗೆ ‘ಕಂಪ್ಯೂಟರಿನಲ್ಲಿ ಮಾತ್ರ’ ಎಂದರೆ ಅರ್ಥ ಒಂದೇ: ಇನ್ನೇನು ಬರುತ್ತದೆ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮಾವನಿಗೆ ಒಂದು ನೇಮವಿದೆ. ಮನೆಯಲ್ಲಿ ಮಾಡುವವರಿರುವ ವಸ್ತುವನ್ನು ಅವರು ಅಂಗಡಿಯಲ್ಲಿ ಕೊಳ್ಳುವುದಿಲ್ಲ. ‘‘ಮನೇಲ್ ಮಾಡೋರಿದ್ದೂ ಅಂಗ್ಡೀಗ್ ಹೋದ್ರೆ, ಮಾಡೋರ್ ಮೊಕಕ್ ಹೊಡ್ದಂಗೆ’’ ಎನ್ನುವುದು ಅವರ ಮಾತು. ಅವರ ಅಪ್ಪನ ಕಾಲದಿಂದ ಬಂದದ್ದಂತೆ. ಅತ್ತೆ ಖಾರದ ಪುಡಿ ಮಾಡುತ್ತಾರೆ, ಆದ್ದರಿಂದ ಅದು ತೀರಿಹೋದರೆ ಹೊಸದು ಕುಟ್ಟುವ ತನಕ ಸಪ್ಪೆ ಸಾರು. ನನ್ನ ನಾದಿನಿ ಟೈಲರಿಂಗ್ ಕಲಿತ ವರ್ಷದಿಂದ ಮಾವ ರೆಡಿಮೇಡ್ ಅಂಗಿ ಕೊಂಡಿಲ್ಲ. ಅವಳು ಹೊಲಿದ ಮೊದಲ ಅಂಗಿಗೆ ಒಂದು ತೋಳು ಗಿಡ್ಡ, ಕಾಲರು ವಾರೆ. ಅದನ್ನೇ ತೊಟ್ಟು ಮೂರು ಭಾಷೆಯ ನೆಂಟರು ಸೇರಿದ್ದ ಮದುವೆಗೆ ಹೋಗಿ, ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ‘ನನ್ನ ಮಗಳು ಹೊಲಿದದ್ದು’ ಎಂದು ಹೇಳಿಕೊಂಡು ಬಂದ ಪುಣ್ಯಾತ್ಮ. ನಾದಿನಿ ನಾಚಿಕೆಯಿಂದ ಮದುವೆಮನೆಯ ಅಡುಗೆಕೋಣೆ ಬಿಟ್ಟು ಹೊರಗೆ ಬರಲಿಲ್ಲವಂತೆ.

ಈಗ ಸೊಸೆ ಬೋರಾನ್ ಮಾಡುತ್ತಿದ್ದಾಳೆ. ಇನ್ನು ಅಂಗಡಿಯ ಬೋರಾನ್ ಮುಟ್ಟುವರೇ? ಇದು ನನಗೆ ಹೊಳೆಯಲೇ ಇಲ್ಲ.

ಹೊಳೆಯುವುದಾದರೂ ಹೇಗೆ? ನಾನು ಬೇರೆಯೇ ಖುಷಿಯಲ್ಲಿದ್ದೆ. ಆ ದಿನದಿಂದ ಮಾವ ಸಂಜೆ ತೋಟದಿಂದ ಬಂದೊಡನೆ ‘‘ಎಲ್ಲಿಗ್ ಬಂತು ಮಗಾ ನಿನ್ ಬೋರಾನು?’’ ಎಂದು ಕೇಳುತ್ತಿದ್ದರು. ನನ್ನ ಜೊತೆ ಓದುತ್ತಿದ್ದವರ ಮನೆಗಳಲ್ಲಿ ‘ಯಾವಾಗ ಮುಗಿಯುತ್ತದೆ, ಯಾವಾಗ ಕೆಲಸ ಸಿಗುತ್ತದೆ’ ಎಂದು ಕೇಳುವವರೇ ಎಲ್ಲ. ನಮ್ಮ ಮನೆಯಲ್ಲಿ ಮಾತ್ರ ಬೋರಾನಿನ ಯೋಗಕ್ಷೇಮ ವಿಚಾರಿಸುವವರಿದ್ದಾರೆ ಎಂದು ನಾನು ಬೀಗುತ್ತಿದ್ದೆ. ಕೇಳಿದ್ದೇ ತಡ, ಪಾಠ ಶುರು. ಒಂದು ಪೆಟ್ಟಿಗೆಯಲ್ಲಿ ಪರಮಾಣುಗಳನ್ನು ಮನಸ್ಸಿಗೆ ಬಂದ ಹಾಗೆ ಸುರಿಯುವುದು, ಅವು ತಳ್ಳಾಡಿಕೊಂಡು ತಮಗೆ ನೆಮ್ಮದಿಯಾದ ಜಾಗ ಹಿಡಿಯುವವರೆಗೆ ಕಂಪ್ಯೂಟರು ಲೆಕ್ಕ ಹಾಕುವುದು, ಮತ್ತೆ ಸುರಿಯುವುದು, ಮತ್ತೆ ಲೆಕ್ಕ. ಯಾವ ಜೋಡಣೆಗೆ ಶಕ್ತಿ ಎಲ್ಲಕ್ಕಿಂತ ಕಡಿಮೆಯೋ ಅದೇ ಗಟ್ಟಿ. ಒಂದು ಸಂಜೆ ಹಳೆಯ ಟೊಮೇಟೊ ಹನ್ನೆರಡನ್ನು ಪೊರಕೆಕಡ್ಡಿಗಳಿಂದ ಚುಚ್ಚಿ ಬೋರಾನಿನ ಗೂಡು ಕಟ್ಟಿ ತೋರಿಸಿದೆ. ಮಾವ ಅದನ್ನು ಅಂಗೈ ಮೇಲಿಟ್ಟುಕೊಂಡು ಸುತ್ತಲೂ ನೋಡಿ ‘‘ಎಷ್ಟ್ ಚೆಂದಾಗೈತಲೇ!’’ ಎಂದರು. ಪೊರಕೆ ಬೋಳಾದದ್ದಕ್ಕೆ ಅತ್ತೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೂವಿನ ಕಾಲಕ್ಕೆ ಸರಿಯಾಗಿ ನನಗೆ ಒಂದು ಜೋಡಣೆ ಸಿಕ್ಕಿತು. ಅಯ್ಯೋ, ಅದರ ಅಂದ ಏನು ಹೇಳಲಿ! ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಒಂದೇ ರೂಪ. ಲೆಕ್ಕದ ಪ್ರಕಾರ ಅದರಲ್ಲಿ ಕರೆಂಟು ಲೋಹದಲ್ಲಿ ಹರಿದಂತೆ ಹರಿಯುತ್ತಿತ್ತು. ನಾನು ಕುಣಿದಾಡಿದೆ. ಅತ್ತೆ ಪಾಯಸ ಮಾಡಿದರು. ಮಾವ ರಾಯಕೋಟೆಯ ಟೊಮೇಟೊ ಮಂಡಿಯಿಂದ ಹಿಡಿದು ಪಕ್ಕದ ಹೊಲದವರ ತನಕ ಹೇಳಿಕೊಂಡು ಬಂದರು. ಗೈಡ್ ಮೇಡಂ ಮಾತ್ರ ವಿಡಿಯೊ ಕರೆಯಲ್ಲಿ ಕನ್ನಡಕ ಸರಿಮಾಡಿಕೊಂಡು, ‘‘ಚೆನ್ನಾಗಿದೆ. ಅಲುಗಾಡಿಸಿ ನೋಡು’’ ಎಂದರು.

ಅಲುಗಾಡಿಸುವುದೆಂದರೆ ಪ್ರತಿಯೊಂದು ಪರಮಾಣುವನ್ನೂ ಇದ್ದ ಜಾಗದಿಂದ ಕೂದಲೆಳೆಯಷ್ಟು ಸರಿಸಿ, ಅದು ವಾಪಸು ತನ್ನ ಜಾಗಕ್ಕೆ ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವುದು. ಬಂದರೆ ಹರಳು ನಿಂತಿತು. ಬಾರದಿದ್ದರೆ ಅದು ಕಾಗದದ ಮೇಲಷ್ಟೇ ಚಂದ. ಆ ಲೆಕ್ಕ ಬಹಳ ದೊಡ್ಡದು, ವಾರಗಟ್ಟಲೆ ಎಳೆಯುತ್ತದೆ. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಪೂರ್ತಿ ಅದರ ಮೇಲೇ ನಿಂತಿತ್ತು. ಮಾವನಿಗೂ ಹೇಳಿದೆ: ‘‘ಅಲುಗ್ಸಿದ್ರೆ ನಿಲ್ತದಾ, ಬೀಳ್ತದಾ ನೋಡ್ಬೇಕು ಮಾವ. ಒಸಿ ದಿನ ಆಯ್ತದೆ.’’

‘‘ನೋಡು ಮಗಾ. ನಿಧಾನ್ವಾಗೇ ನೋಡು,’’ ಎಂದರು.

ಅಷ್ಟು ಹೊತ್ತಿಗೆ ತೋಟದಲ್ಲಿ ಹೂ ಉದುರಲು ಶುರುವಾಗಿತ್ತು. ಅದು ಗೊತ್ತಿದ್ದೂ ಅವರು ಹೇಳಿದ್ದು ‘ನಿಧಾನವಾಗೇ ನೋಡು’ ಎಂದು.

ಲೆಕ್ಕದ ಉತ್ತರ ಬಂದದ್ದು ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ನಕ್ಷೆಯಲ್ಲಿ ಎಲ್ಲ ಗೆರೆಗಳೂ ಸೊನ್ನೆಯ ಮೇಲಿರಬೇಕು. ಒಂದೇ ಒಂದು ಗೆರೆ ಸೊನ್ನೆಯಿಂದ ಕೆಳಕ್ಕೆ ಜಾರಿತ್ತು. ಒಂದು ಸಾಕು. ಆ ದಿಕ್ಕಿಗೆ ಸರಿಸಿದ ಪರಮಾಣುಗಳು ವಾಪಸು ಬರದೆ ಹಾಗೇ ಹೊರಟುಹೋಗುತ್ತವೆ. ನನ್ನ ಚೆಂದದ ಹರಳು ಬಿದ್ದಿತ್ತು. ಲ್ಯಾಪ್‌ಟಾಪನ್ನು ಪಟಾರನೆ ಮುಚ್ಚಿ, ತಟ್ಟೆಯಲ್ಲಿದ್ದ ರೊಟ್ಟಿಯನ್ನೂ ಬಿಟ್ಟು ಅಂಗಳಕ್ಕೆ ಬಂದೆ. ಯಾರಾದರೂ ಸಿಕ್ಕರೆ ಜಗಳವಾಡಿಬಿಡುವಷ್ಟು ಉರಿಯುತ್ತಿತ್ತು ನನಗೆ.

ಸಿಕ್ಕಿದವರು ಮಾವ ಮತ್ತು ಅತ್ತೆ. ಮೊದಲ ಕೊಯಿಲಿನ ಟೊಮೇಟೊ ಸುರಿದುಕೊಂಡು ಆರಿಸುತ್ತಿದ್ದರು. ಒಳ್ಳೆಯವು ಒಂದು ಕಡೆ, ಬಿರಿದವು ಇನ್ನೊಂದು ಕಡೆ. ಬಿರಿದವುಗಳ ರಾಶಿಯೇ ದೊಡ್ಡದಾಗಿತ್ತು. ತೊಟ್ಟಿನ ಸುತ್ತ ಸೀಳಿ, ಒಳಗಿನ ಬೀಜ ಕಾಣುತ್ತಿದ್ದ ಹಣ್ಣುಗಳು. ನನಗೆ ಸಿಟ್ಟು ತೀರಿಸಿಕೊಳ್ಳಲು ದಾರಿ ಸಿಕ್ಕಿತು.

‘‘ಏನ್ ಮಾವ ಇದು! ಬೋರಾನ್ ಹೊಡೀಲಿಲ್ವಾ ನೀನು? ಇಷ್ಟ್ ವರ್ಸ ಬೆಳ್ದಿರೋನಿಗೆ ಅಷ್ಟೂ ತಿಳೀಬ್ಯಾಡ್ವಾ? ಬೋರಾನ್ ಓದ್ತಿರೋಳು ಮನೇಲೇ ಇವ್ನಿ, ನನ್ನಾದ್ರೂ ಒಂದ್ ಮಾತ್ ಕೇಳ್ಬಾರ್ದಾ?’’

ಮಾವ ಇನ್ನೊಂದು ಹಣ್ಣನ್ನು ಬಿರಿದವುಗಳ ಕಡೆ ಇಟ್ಟರು. ಅತ್ತೆ ಕೈಯಲ್ಲಿದ್ದ ಹಣ್ಣನ್ನು ರಾಶಿಗೆಸೆದರು.

‘‘ಕೇಳೋ ಪ್ರಶ್ನೆ ನೋಡು! ಯಾಕ್ ಹೊಡೀಲಿಲ್ಲ ಅಂತ ನಿನ್ ಮಾವನ್ನೇ ಕೇಳಮ್ಮ. ನಾನೂ ಬಡ್ಕೊಂಡೆ, ಅಂಗ್ಡೀಲ್ ಒಂದ್ ಪೊಟ್ಣ ತತ್ತೀನಿ ಅಂತ. ಬ್ಯಾಡ್ವಂತೆ. ಮನೇಲೇ ಬೋರಾನ್ ಮಾಡ್ತಾವ್ಳೆ ಸೊಸೆ, ಅದ್ನ ಬುಟ್ಟು ಬ್ಯಾರೇದ್ ತಂದ್ರೆ ಮಗು ಮನ್ಸಿಗೆ ಏನಾಯ್ತದೆ ಅಂತವ್ರೆ! ನಿನ್ನ ಕೇಳ್ಬುಡಾನ ಅಂದ್ರೆ ಅದ್ಕೂ ಬುಡ್ಲಿಲ್ಲ. ಓದೋ ಮಕ್ಳಿಗೆ ಅವಸ್ರ ಮಾಡ್ಬಾರ್ದಂತೆ.’’

ದಿನಾ ಸಂಜೆ ‘ಎಲ್ಲಿಗ್ ಬಂತು’ ಎಂದು ಕೇಳುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಹೂ ಉದುರುವುದನ್ನು ನೋಡಿ, ಬಂದು, ನನ್ನ ಪಾಠ ಕೇಳಿಸಿಕೊಂಡು, ‘ನಿಧಾನವಾಗೇ ನೋಡು’ ಎಂದು ಎದ್ದುಹೋಗುತ್ತಿದ್ದ ಮನುಷ್ಯ. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಏನು ಮಾಡಬೇಕೋ ತಿಳಿಯದಾಗ ನಾನು ಮಾಡುವುದು ಒಂದೇ, ಕೂಗಾಡುವುದು.

‘‘ಅಯ್ಯೋ ನನ್ ಮಾವನೇ! ಅದು ಬರಲ್ಲ ಕಣೋ! ಹೊಲುಕ್ಕೂ ಬರಲ್ಲ, ಅಂಗ್ಡೀಗೂ ಬರಲ್ಲ. ನಿನ್ ಮಗ್ಳು ಹೊಲ್ದ ಅಂಗಿ ತರ ಅಲ್ಲ, ನಿನ್ ಮಗ ಮಾಡೋ ಕಬ್ಣದ್ ತರಾನೂ ಅಲ್ಲ. ಅದು ಈ ಲೋಕದಲ್ಲೇ ಎಲ್ಲೂ ಇಲ್ಲ! ಮುಂದ್ಕೆ ಯಾರಾದ್ರೂ ಮಾಡಿದ್ರೂ ಮಾಡ್ಬೋದು, ಇಲ್ಲ ಅಂದ್ರೂ ಇಲ್ಲ. ನಾನ್ ಬರೀ ಲೆಕ್ಕ ಹಾಕದು!’’

ಮಾವ ಬಿರಿದ ಹಣ್ಣೊಂದನ್ನು ಎತ್ತಿಕೊಂಡು ಪಂಚೆಗೆ ಒರೆಸಿದರು. ಇನ್ನು ಬೈಗುಳ ಬರುತ್ತದೆ, ಬರಲಿ, ಬೈದರೆ ನನಗೂ ಹಗುರಾಗುತ್ತದೆ ಎಂದು ಕಾದೆ.

‘‘ಹಂಗಾರೆ, ಇಲ್ದೇ ಇರೋದು ನಿಲ್ತದಾ ಬೀಳ್ತದಾ ಅಂತ ಇಷ್ಟ್ ದಿನ ನೋಡ್ತಿದ್ದೆ ನೀನು?’’

‘‘ಹೂಂ ಮಾವ.’’

‘‘ನಿಂತ್ಕಂತಾ?’’

ಆ ಸುದ್ದಿಯನ್ನು ನಾನು ಇನ್ನೂ ಯಾರಿಗೂ ಹೇಳಿರಲಿಲ್ಲ. ಮುಂದೆ ಅಷ್ಟೊಂದು ಹಣ್ಣು ಒಡೆದು ಬಿದ್ದಿದೆ, ಈ ಮನುಷ್ಯ ಕೇಳುತ್ತಿರುವುದು ನನ್ನ ಇಲ್ಲದ ಹರಳಿನ ಸುದ್ದಿ.

‘‘ಇಲ್ಲ ಮಾವ. ಬಿದ್ದೋಯ್ತು.’’

‘‘ತ್ಚ್,’’ ಎಂದರು ಮಾವ. ನೊಂದುಕೊಂಡೇ ಹೇಳಿದರು. ‘‘ಅಷ್ಟ್ ಕಷ್ಟ ಬಿದ್ದಿದ್ದೆ. ಹೋಗ್ಲಿ ಬುಡು ಮಗಾ, ಇನ್ನೊಂದ್ ಸತಿ ಸುರ್ದು ನೋಡು. ಮೊದ್ಲು ರೊಟ್ಟಿ ತಿನ್ನೋಗು.’’

ಆಮೇಲೆ ಎದ್ದು, ಕೈ ಕೊಡವಿಕೊಂಡು ಅತ್ತೆಯ ಕಡೆ ತಿರುಗಿದರು. ‘‘ಮನೇಲ್ ಇಲ್ಲ ಅಂದ್ಮ್ಯಾಲೆ ಅಂಗ್ಡೀಲ್ ತರೋದ್ರಲ್ಲಿ ತಪ್ಪಿಲ್ಲ. ಗಾಡಿ ಕೀಲಿ ಎಲ್ಲೈತೆ?’’ ಎಂದು ಗೊಬ್ಬರದಂಗಡಿಗೆ ಹೊರಟರು.

ಆ ತಿಂಗಳು ನಮ್ಮ ಮನೆಯಲ್ಲಿ ಟೊಮೇಟೊ ಗೊಜ್ಜು, ಟೊಮೇಟೊ ಸಾರು, ಟೊಮೇಟೊ ತೊಕ್ಕು. ಕೊನೆಕೊನೆಗೆ ಹಸುವೂ ಮುಖ ತಿರುಗಿಸಿತು. ಊರಿನವರು ಅಡ್ಡಮಾತು ಆಡದೆ ಬಿಡಲಿಲ್ಲ. ‘ಸೊಸೆ ಬೋರಾನ್ ಬಂದ್ರೆ ನಮ್ಗೂ ಒಸಿ ಕೊಡ್ರಪ್ಪಾ’ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಮಾವನನ್ನು ಚುಡಾಯಿಸುತ್ತಿದ್ದರು. ಮಾವ ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಹಣ್ಣು ಹೋದರೆ ಮುಂದಿನ ಕೊಯಿಲಿಗೆ ಬರುತ್ತದೆ, ಅಂಗಡಿಯ ಪುಡಿ ಹೊಡೆದ ಮೇಲೆ ನುಣ್ಣಗೂ ಬರುತ್ತಿತ್ತು. ಆದರೆ ನನ್ನನ್ನು ನಂಬಿ ಊರ ಮುಂದೆ ನಗೆಪಾಟಲಾದರಲ್ಲ ಎಂಬುದು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಹುಳುಮನೆ ಬಿಟ್ಟು ಹೊರಗೆ ಬರಲು ಬೇಜಾರಾಗುತ್ತಿತ್ತು.

ಗೈಡ್ ಮೇಡಂ ಹೇಳಿದರು: ‘‘ಬೀಳುತ್ತಿದೆಯಾ? ತಡೆಯಬೇಡ. ಬೀಳುವ ಕಡೆಗೇ ಬಿಡು, ಎಲ್ಲಿ ಹೋಗಿ ನಿಲ್ಲುತ್ತದೆ ನೋಡೋಣ. ಪೆಟ್ಟಿಗೆ ದೊಡ್ಡದು ಮಾಡು.’’ ಸರಿಯಾದ ಮಾತೇ. ನಾನು ಪರಮಾಣುಗಳನ್ನು ತುಂಬಿದ್ದ ಪೆಟ್ಟಿಗೆ ಚಿಕ್ಕದು, ಅದರೊಳಗೆ ಅವಕ್ಕೆ ಹೊರಳಾಡಲು ಜಾಗವೇ ಇರಲಿಲ್ಲ. ಪೆಟ್ಟಿಗೆಯನ್ನು ಎರಡರಷ್ಟು ಮಾಡಿ, ಕೆಳಗೆ ಜಾರಿದ್ದ ಆ ಗೆರೆಯ ದಿಕ್ಕಿಗೇ ಎಲ್ಲವನ್ನೂ ಒಂದಿಷ್ಟು ಸರಿಸಿ ಬಿಟ್ಟೆ. ಹರಳು ತನ್ನ ಮೊದಲಿನ ಅಂದವನ್ನು ಕಳೆದುಕೊಂಡು, ಒಂದು ಪಕ್ಕಕ್ಕೆ ಕೊಂಚ ವಾಲಿ, ಮೊದಲಿಗಿಂತ ಕಡಿಮೆ ಶಕ್ತಿಯಲ್ಲಿ ಹೋಗಿ ಕೂತಿತು. ಲೋಹದಂತೆ ಕರೆಂಟು ಹರಿಸುತ್ತಿದ್ದದ್ದು ಅರೆವಾಹಕವಾಯಿತು, ಅಂದರೆ ಒಂದು ಮಟ್ಟದ ಶಕ್ತಿ ಕೊಟ್ಟರೆ ಮಾತ್ರ ಹರಿಸುವಂಥದ್ದು. ಅಂಥದ್ದಕ್ಕೇ ಬೆಲೆ ಹೆಚ್ಚು. ಮತ್ತೆ ಅಲುಗಾಡಿಸುವ ಲೆಕ್ಕ. ಮತ್ತೆ ಕಾಯುವುದು. ಈ ಸಲ ಮಾವ ‘ಎಲ್ಲಿಗ್ ಬಂತು’ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಉತ್ತರ ಬಂದಾಗ ಇಳಿಹೊತ್ತು. ನಕ್ಷೆ ತೆರೆದೆ. ಒಂದು ಗೆರೆಯೂ ಸೊನ್ನೆಯ ಕೆಳಗಿರಲಿಲ್ಲ. ಮತ್ತೆ ಮತ್ತೆ ನೋಡಿದೆ. ಮೇಡಂಗೆ ಫೋನ್ ಮಾಡಬೇಕಿತ್ತು. ಮಾಡದೆ, ಕಾಲಿಗೆ ಚಪ್ಪಲಿ ಕೂಡ ಸಿಕ್ಕಿಸದೆ ತೋಟಕ್ಕೆ ಓಡಿದೆ. ಮಾವ ಬೆನ್ನಿಗೆ ಸ್ಪ್ರೇಯರ್ ಹೊತ್ತು ಸಾಲಿನ ಕೊನೆಯಲ್ಲಿದ್ದರು. ಬದುವಿನಾಚೆ ಪಕ್ಕದ ಹೊಲದವರು ಬೀಡಿ ಹಚ್ಚಿಕೊಂಡು ಮಾತಿಗೆ ನಿಂತಿದ್ದರು. ನಾನು ಅವರನ್ನು ನೋಡಲೂ ಇಲ್ಲ.

‘‘ಮಾವ! ನಿಂತ್ಕಂತು!’’ ಎಂದು ಕೂಗಿದೆ.

ಮಾವ ಪಂಪಿನ ಕೈ ನಿಲ್ಲಿಸಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡಿದರು. ಅಷ್ಟರಲ್ಲಿ ಪಕ್ಕದ ಹೊಲದವರು ಬಾಯಿ ಹಾಕಿದರು: ‘‘ಏನಣ್ಣಾ, ಕೊನೆಗೂ ಬಂತಾ ನಿನ್ ಸೊಸೆ ಬೋರಾನು? ಎಲ್ಲಿ, ತೋರ್ಸು ನೋಡಾನ!’’

ನಾನು ಕುಗ್ಗಿಹೋದೆ. ಎಲ್ಲ ಬಿಟ್ಟು ಪಕ್ಕದ ಹೊಲದವರ ಎದುರಿಗೇ ಬಂದು ಕಿರುಚಿದೆನಲ್ಲ, ಇನ್ನೊಂದು ಸಲ ನನ್ನಿಂದ ಮಾವನ ಮುಖಕ್ಕೆ ಮಸಿಯಾಯಿತಲ್ಲ ಅನ್ನಿಸಿತು.

ಮಾವ ಸ್ಪ್ರೇಯರ್ ಇಳಿಸಿ ಬದುವಿನ ಮೇಲಿಟ್ಟರು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

‘‘ಬಂತು ಕಣ್ಲಾ. ನಿಂತ್ಕಂಡೈತೆ,’’ ಎಂದರು. ‘‘ಹೊಲುಕ್ ಹೊಡ್ಯೋದಲ್ಲ ಅದು, ತೋರ್ಸಕ್ಕೂ ಬರಲ್ಲ. ಈ ಭೂಮಿ ಮ್ಯಾಲೇ ಎಲ್ಲೂ ಇಲ್ಲ. ನಮ್ಮನೇಲ್ ಮಾತ್ರ ಐತೆ.’’

ಪಕ್ಕದ ಹೊಲದವರು ನನ್ನ ಮುಖ ನೋಡಿದರು. ನಾನು ಅಲ್ಲೇ ಬದುವಿನ ಮೇಲೆ ಕೂತು ಗಳಗಳನೆ ಅತ್ತುಬಿಟ್ಟೆ.